ನಂದೇನಿದೆ ಬಿಡಮ್ಮ

ಒಂದೇ ಕಂಪನಿಯ ಎರಡು ದೇಶದ ಶಾಖೆಗಳು ತಮ್ಮತಮ್ಮಲ್ಲೇ ಮಾರಾಟ ಮಾಡಿಕೊಂಡರೆ, ಆ ಬೆಲೆ ನ್ಯಾಯವಾದದ್ದೇ ಎಂದು ತೆರಿಗೆಯವರನ್ನು ಒಪ್ಪಿಸಬೇಕು. ಅದಕ್ಕೂ ಒಂದು ಕಸುಬಿದೆ, ಟ್ರಾನ್ಸ್‌ಫರ್ ಪ್ರೈಸಿಂಗ್ ಅಂತ. ರಂಜನಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ, ಕಂಪನಿಗಳಿಗೆ ತೆರಿಗೆ ಸಲಹೆ ಕೊಡುವ ಒಂದು ಸಂಸ್ಥೆಯಲ್ಲಿ, ಒಂಬತ್ತು ವರ್ಷದಿಂದ ಅದನ್ನೇ ಮಾಡುತ್ತಿದ್ದಳು. ಎಲ್ಲಿ ತಲೆ ಓಡುತ್ತದೆ, ಎಲ್ಲಿ ಬರೀ ಕೈ ಆಡುತ್ತದೆ ಎಂದು ಜನರನ್ನು ಕೂರಿಸಿಕೊಂಡು ಕೇಳಿ ಬರೆಯಬೇಕು. ತಲೆ ಇದ್ದ ಕಡೆಗೆ ಲಾಭ, ಕೈಗೆ ಕೂಲಿ. ಇಷ್ಟೇ ಶಾಸ್ತ್ರ, ಮಿಕ್ಕಿದ್ದೆಲ್ಲ ಕೋಟು ತೊಟ್ಟವರ ಠೀವಿ.

ಕಳೆದ ಜುಲೈಯಲ್ಲಿ ಅವಳನ್ನು ಅಡಿಲೇಡ್‌ಗೆ ಕಳಿಸಿದರು. ಅಲ್ಲಿನ ಹೊರವಲಯದ ಸ್ಯಾಲಿಸ್‌ಬರಿಯಲ್ಲಿ ನೀರಿನ ಪಂಪು ಮಾಡುವ ಕಾರ್ಖಾನೆ. ಅದರ ಯಜಮಾನರು ಸಿಂಗಪುರದಲ್ಲಿ, ಈ ದೇಶದ ಮೇಲಧಿಕಾರಿಗಳು ಬ್ರಿಸ್ಬೇನ್‌ನಲ್ಲಿ. ಪರೀಕ್ಷಾ ವಿಭಾಗದ ಹಿರಿಯ ಎಂಜಿನಿಯರ್ ಬಸವಂತಪ್ಪ, ಐವತ್ತೇಳರ ಆಸುಪಾಸು, ದಾವಣಗೆರೆ ಕಡೆಯವರು. ಇಂಗ್ಲಿಷಿನಲ್ಲಿ ಒಂದೊಂದೇ ಪದ ಉದುರಿಸುತ್ತಿದ್ದ ಮನುಷ್ಯ, ಕನ್ನಡದಲ್ಲೇ ಹೇಳಿ ಅಂಕಲ್ ಎಂದು ಅವಳು ಅಂದದ್ದೇ ತಡ, ಅರಳಿಬಿಟ್ಟರು. ಯಾವೂರು, ಯಾರ ಮಗಳು, ಊಟ ಆಯಿತೇ ಎಲ್ಲ ವಿಚಾರಿಸಿಕೊಂಡ ಮೇಲೆಯೇ ಅವಳ ಪ್ರಶ್ನೆಗೆ ಬಂದರು.

“ಪಂಪು ಸರಿಯಿಲ್ಲ, ಕಳಿಸ್ಬಾರ್ದು ಅಂತ ಯಾರು ತೀರ್ಮಾನ ಮಾಡ್ತಾರೆ ಅಂಕಲ್?”

“ನಂದೇನಿದೆ ಬಿಡಮ್ಮ. ಎಲ್ಲಾ ಅವರದ್ದೇ. ಅವರು ಹೇಳ್ತಾರೆ, ನಾವು ಮಾಡ್ತೀವಿ.”

ಆ ಒಂದು ಗಂಟೆಯಲ್ಲಿ ಅವರ ಫೋನು ಮೂರು ಸಲ ಹೊಡೆದುಕೊಂಡಿತ್ತು. ಮೂರು ಸಲವೂ ಅವರು, ನಿಲ್ಲಿಸಿ, ನಾನು ಬಂದು ನೋಡುವ ತನಕ ಒಂದು ಪಂಪೂ ಗೇಟು ದಾಟಬಾರದು ಎಂದಿದ್ದರು. ಯಾರನ್ನೂ ಕೇಳಿ ಹೇಳಿದ್ದಲ್ಲ. ಇದೆಲ್ಲ ರಂಜನಿಯ ಕಿವಿಗೆ ಬಿದ್ದಿತ್ತು. ನಂದೇನಿದೆ ಎನ್ನುವ ಮಾತಿನ ಅರ್ಥ ಅವಳಿಗೆ ಗೊತ್ತಿಲ್ಲವೇ? ಅರವತ್ತು ಜನಕ್ಕೆ ಒಬ್ಬಳೇ ಹೋಳಿಗೆ ಬೇಯಿಸಿಟ್ಟು, ನಂದೇನಿದೆ, ಎಲ್ಲಾ ದೇವರದ್ದು ಎನ್ನುವ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವಳು. ಆದರೂ ಕೇಳಿದ್ದನ್ನು ಕೇಳಿದ ಹಾಗೇ ಬರೆದಳು: ಈ ವಿಭಾಗ ಯಾವ ತೀರ್ಮಾನವನ್ನೂ ತೆಗೆದುಕೊಳ್ಳುವುದಿಲ್ಲ, ಹೇಳಿದ್ದನ್ನು ಮಾಡುತ್ತದೆ. ನಾಲ್ಕಕ್ಕೆ ವಿಮಾನವಿತ್ತು. ಇಲ್ಲಿರುವುದು ಬರೀ ಕೈ ಎಂದಾದರೆ ಲಾಭವೆಲ್ಲ ಸಿಂಗಪುರದ ಲೆಕ್ಕಕ್ಕೆ, ಈ ದೇಶದಲ್ಲಿ ಕಟ್ಟುವ ತೆರಿಗೆ ಕಡಿಮೆ; ಬ್ರಿಸ್ಬೇನಿನವರಿಗೆ ಬೇಕಾದದ್ದೂ ಇದೇ ಉತ್ತರ. ಟಿಪ್ಪಣಿ ಒಪ್ಪಿಗೆಗೆ ಕಳಿಸಿದಾಗ ಬಸವಂತಪ್ಪ ಓದಲೂ ಇಲ್ಲವೋ ಏನೋ, ನೀನು ಬರೆದ ಮೇಲೆ ಸರಿಯಾಗೇ ಇರುತ್ತಮ್ಮ ಎಂದು ಉತ್ತರ ಹಾಕಿದರು.

ಈ ಮೇ ತಿಂಗಳಲ್ಲಿ ಬ್ರಿಸ್ಬೇನ್‌ನಲ್ಲಿ ಮೀಟಿಂಗ್. ಪರದೆಯ ಮೇಲೆ ಅವಳ ವರದಿಯ ಹದಿನಾಲ್ಕನೇ ಪುಟ. ಸಿಂಗಪುರದವರು ಅದನ್ನು ಓದಿದ್ದಾರಂತೆ. ಹೇಳಿದ್ದನ್ನಷ್ಟೇ ಮಾಡುವ ವಿಭಾಗ ಅಷ್ಟು ದುಬಾರಿ ದೇಶದಲ್ಲಿ ಏಕೆ ಎಂದು ಕೇಳಿದ್ದಾರಂತೆ. ಹನ್ನೊಂದು ಜನರ ಕೆಲಸ ಹೋಗುತ್ತದೆ, ಮೊದಲ ಹೆಸರು ಬಸವಂತಪ್ಪನವರದು. ಇದು ತಪ್ಪು, ನಾನು ತಪ್ಪು ಬರೆದೆ ಎನ್ನಲು ರಂಜನಿ ಬಾಯಿ ತೆರೆದಳು. ಆದರೆ ಆ ಸಾಲು ಬಿದ್ದರೆ ವರದಿ ಬೀಳುತ್ತದೆ, ತೆರಿಗೆಯವರಿಗೆ ಕೊಟ್ಟ ಕಾಗದವೆಲ್ಲ ಮತ್ತೆ ಮಾಡಬೇಕು, ಬರೆದವರು ಯಾರು ಎಂದು ಹುಡುಕುತ್ತಾರೆ. ಪಕ್ಕದಲ್ಲೇ ಅವಳ ಬಾಸ್ ಕೂತಿದ್ದ, ಅವಳ ಬಡ್ತಿಯ ಕಾಗದ ಅವನ ಮೇಜಿನ ಮೇಲಿತ್ತು. ತೆರೆದ ಬಾಯಿಗೆ ನೀರು ಸುರಿದುಕೊಂಡಳು. ಥೂ, ಎಂಥಾ ಹೆಂಗಸು ನಾನು ಎಂದು ವಿಮಾನದಲ್ಲಿ ಉದ್ದಕ್ಕೂ ತನ್ನನ್ನೇ ಬೈದುಕೊಂಡಳು.

ಜೂನ್‌ನ ಒಂದು ಶನಿವಾರ ಮಧ್ಯಾಹ್ನ ಪರ್ತ್‌ನ ಕ್ಯಾನಿಂಗ್ಟನ್ ಮಾಲ್‌ನಲ್ಲಿ ಮಗಳು ನಿಹಾರಿಕಾಗೆ ಶೂ ಕೊಡಿಸುತ್ತಿದ್ದಾಗ ಬಸವಂತಪ್ಪನವರ ಫೋನು ಬಂತು. ದನಿಯಲ್ಲಿ ಸಿಟ್ಟಿರಲಿಲ್ಲ. ನಿಂಗೆ ತೊಂದರೆ ಕೊಡ್ತಿದ್ದೀನಮ್ಮ ಎಂದೇ ಶುರುಮಾಡಿದರು. ಐವತ್ತೆಂಟಕ್ಕೆ ಇನ್ಯಾರು ಕೆಲಸ ಕೊಡುತ್ತಾರೆ, ಹೆಂಡತಿ ಸುಮತಿ ರಾತ್ರಿಯೆಲ್ಲ ನಿದ್ದೆ ಮಾಡುತ್ತಿಲ್ಲ ಎಂದರು. ತಾನು ಹೋಗಿ ಕೇಳಿದ್ದಕ್ಕೆ ಕಂಪನಿಯವರು ಒಂದು ದಾರಿ ಬಿಟ್ಟಿದ್ದಾರೆ: ವರದಿ ಬರೆದವರೇ, ಈ ಮನುಷ್ಯ ತೀರ್ಮಾನ ಮಾಡುತ್ತಿದ್ದುದನ್ನು ನಾನು ಕಂಡಿದ್ದೇನೆ ಎಂದು ಒಂದು ಸಾಲು ಬರೆದುಕೊಟ್ಟರೆ ಮತ್ತೆ ಯೋಚಿಸುತ್ತಾರಂತೆ. ಸೋಮವಾರ ಸಂಜೆ ಐದರೊಳಗೆ.

“ನೀನು ಕಣ್ಣಾರೆ ನೋಡಿದ್ದೀಯಲ್ಲಮ್ಮ. ಬರೀತೀಯಾ?”

ರಂಜನಿ ಅಂಗಡಿಯ ಮೂಲೆಗೆ ಸರಿದಳು.

“ನಂದೇನಿದೆ ಅಂಕಲ್ ಅದ್ರಲ್ಲಿ,” ಎಂದಳು. “ಎಲ್ಲಾ ಮೇಲಿನವರದ್ದೇ. ಅವರು ಹೇಳ್ತಾರೆ, ನಾವು ಬರೀತೀವಿ.”

ಆ ಕಡೆ ಅವರು ನಕ್ಕರು. ತಿಂಗಳಾದ ಮೇಲೆ ನಕ್ಕವರ ಹಾಗೆ, ನಿರಾಳವಾಗಿ.

“ಹಂಗೆಲ್ಲ ಸಣ್ಣ ಮಾಡ್ಕೋಬೇಡಮ್ಮ ನಿನ್ನ. ನಾನೂ ಹಂಗೇ ಅಂದಿದ್ದೆ, ನೋಡು. ನಮ್ಮ ಜನಾನೇ ಹಂಗೆ. ನೀನು ಬರೀತೀಯ, ನಂಗೊತ್ತು. ಸುಮತಿಗೆ ಈಗ್ಲೇ ಹೇಳ್ತೀನಿ.”

ಅಲ್ಲ ಅಂಕಲ್, ನಾನು ನಿಜವಾಗಿಯೂ ಎಂದು ಅವಳು ಶುರುಮಾಡುವಷ್ಟರಲ್ಲಿ ಫೋನು ಇಟ್ಟಾಗಿತ್ತು. ಹೂ ವಾಸ್ ದಟ್ ಎಂದು ನಿಹಾರಿಕಾ ಒಂದು ಕಾಲಿಗೆ ಹೊಸ ಶೂ ಹಾಕಿಕೊಂಡೇ ಬಂದು ಕೇಳಿದಳು. ಯಾರೂ ಇಲ್ಲ ಎಂದಳು ರಂಜನಿ.

ಅಡಿಲೇಡ್‌ನಲ್ಲಿ ಐದಾದಾಗ ಪರ್ತ್‌ನಲ್ಲಿ ಇನ್ನೂ ಮೂರೂವರೆ. ಸೋಮವಾರ ಅವಳು ಬೆಳಗಿನಿಂದ ಗಡಿಯಾರ ನೋಡುತ್ತ ಕೂತಿದ್ದಳು. ಎರಡು ಸಲ ಆ ಒಂದು ಸಾಲನ್ನು ಬರೆದಳು, ಎರಡು ಸಲವೂ ಅಳಿಸಿದಳು. ಮೂರೂ ಇಪ್ಪತ್ತಕ್ಕೆ ಸುಮತಿ ಆಂಟಿಯ ಮೆಸೇಜು ಬಂತು, ನಿನ್ನ ಉಪಕಾರ ಮರೆಯೋದಿಲ್ಲಮ್ಮ ಅಂತ. ಮೂರೂವರೆಯೂ ಆಯಿತು. ಅವಳು ಕಳಿಸಲಿಲ್ಲ.