ಕೋಟೆಯ ಹೊಸ ಮೂಲೆ

ಕರ್ಕೆನ್ನಾ ದ್ವೀಪದಲ್ಲಿ ಹೊಲದ ಒಡೆಯರಂತೆ ಕಡಲಿನ ಒಡೆಯರೂ ಇದ್ದಾರೆ. ಆಳವಿಲ್ಲದ ನೀರಿನಲ್ಲಿ ಖರ್ಜೂರದ ಗರಿಗಳನ್ನು ಸಾಲಾಗಿ ನೆಟ್ಟು ಬೇಲಿ ಕಟ್ಟುತ್ತಾರೆ. ಇಳಿತದ ಜೊತೆ ಬರುವ ಮೀನು ಬೇಲಿಗುಂಟ ಸಾಗಿ ಕೊನೆಯ ಬುಟ್ಟಿಗೆ ಬೀಳುತ್ತದೆ. ಬೇಸಿಗೆಗೆ ಕಿತ್ತ ಬೇಲಿಯನ್ನು ಸೆಪ್ಟೆಂಬರ್ ಕೊನೆಗೆ ಮತ್ತೆ ನೆಡಬೇಕು. ಕಡಲಿನಲ್ಲಿ ಗಡಿಕಲ್ಲು ನಿಲ್ಲದ್ದರಿಂದ ದಡದ ಹಳೆಯ ಕೋಟೆಯೇ ಎಲ್ಲರ ಗಡಿಕಲ್ಲು. ದೋಣಿಯಿಂದ ನೋಡಿದಾಗ ಕೋಟೆಯ ಮೂಡಣ ಮೂಲೆಯೂ ಅದರ ಹಿಂದಿನ ಒಂದು ಮರವೋ ಬಾವಿಕಟ್ಟೆಯೋ ಒಂದೇ ಗೆರೆಗೆ ಬಂದಲ್ಲಿ ಒಬ್ಬರ ಪಾಲು ಮುಗಿದು ಇನ್ನೊಬ್ಬರದು ಶುರು.

ಮಹ್ರಝಿಯಾಗೆ ಅಪ್ಪನಿಂದ ಬಂದ ಪಾಲಿನಲ್ಲಿ ಬೆಲೆಬಾಳುವುದು ಪಡುವಣ ಅಂಚಿನಲ್ಲಿ ಕಡಲತಳದ ಆಳದ ಕಾಲುವೆಯೊಂದೇ. ಮೀನು ಬರುವುದು ಅದರಲ್ಲಿ. ಅದಿಲ್ಲದೆ ಬೇಲಿ ಹಾಕುವುದು ದಂಡ. ಅಪ್ಪ ತೀರಿಕೊಂಡ ಮೇಲೆ ಅವಳೇ ಬೇಲಿ ಕಟ್ಟುವ ಮೊದಲ ವರ್ಷ ಇದು.

ಆ ಬೇಸಿಗೆಯಲ್ಲಿ ಸರಕಾರದವರು ಕುಸಿಯುತ್ತಿದ್ದ ಕೋಟೆಗೆ ಹೊಸ ಕಲ್ಲಿನ ಆಸರೆ ಕಟ್ಟಿಸಿದ್ದರು. ಅದರಿಂದ ಮೂಡಣ ಮೂಲೆ ಒಂದೆರಡು ಮಾರು ಮೂಡಕ್ಕೆ ಸರಿಯಿತು. ದಡದಲ್ಲಿ ಇದು ಅಲ್ಪ. ದೂರದ ನೀರಿನಲ್ಲಿ ಅದೇ ಗೆರೆ ಇಡೀ ಕಾಲುವೆಯನ್ನು ದಾಟಿ ಜರುಗುತ್ತದೆ. ಇದನ್ನು ಮೊದಲು ಕಂಡವನು ಪಡುವಲ ಪಾಲಿನ ಹತ್ತಾಬ್, ಅವಳ ಚಿಕ್ಕಪ್ಪನ ಮಗ. ಕಾಲುವೆ ಇನ್ನು ತನ್ನದೆಂದು ಹೊಸ ಗೆರೆಗೆ ಗೂಟ ಹೊಡೆದೇ ಬಂದಿದ್ದ.

ಶುಕ್ರವಾರದ ನಮಾಜಿನ ಬಳಿಕ ಪಾಲುದಾರರೆಲ್ಲ ದಡದ ಚಹಾದಂಗಡಿಯಲ್ಲಿ ಸೇರಿದರು. ಹಿರಿಯರು ಹೇಳಿದ್ದು ಕೋಟೆಯ ಮೂಲೆ ಎಂದಷ್ಟೇ, ಹಳೆಯ ಮೂಲೆ ಎಂದಲ್ಲ ಎಂದು ಹತ್ತಾಬ್ ವಾದಿಸಿದ. ಕೆಲವರು ತಲೆಯಾಡಿಸಿದರು. ಹೆಂಗಸಿಗೆ ಆಳದ ನೀರಿನ ಉಸಾಬರಿ ಯಾಕೆ ಎಂದು ಒಬ್ಬ ಗೊಣಗಿದ. ಮಹ್ರಝಿಯಾ ಅವನ ಮಾತು ಮುಗಿಯುವವರೆಗೆ ಕಾದಳು.

"ಹತ್ತಾಬ್ ಹೇಳೋದು ಸರಿ, ಹೊಸ ಮೂಲೆನೇ ಇರಲಿ," ಎಂದಳು. "ಆದ್ರೆ ಮೂಲೆ ಒಂದೇ, ಗೆರೆ ಎಲ್ಲರದ್ದೂ. ಖ್ಮೈಸ್ ತಾತಾ, ಹತ್ತಾಬನ ಪಡುವಣಕ್ಕಿರೋದು ನಿಮ್ಮ ಪಾಲು, ನಿಮ್ಮ ಗೆರೆನೂ ಮೂಡಕ್ಕೆ ಬರತ್ತೆ. ಹತ್ತಾಬನ ಆ ಕಡೆ ಅಂಚಲ್ಲಿ ನೀರಲ್ಲಿ ಮುಳುಗಿರೋ ರೋಮನ್ನರ ಗೋಡೆ ಇದ್ಯಲ್ಲ, ಅದು ನಿಮ್ಮದಾಯ್ತು."

ಆ ಗೋಡೆಯ ಸಂದುಗಳಲ್ಲಿ ಅಷ್ಟಪಾದಿಗಳು ಮನೆ ಮಾಡಿಕೊಂಡಿದ್ದವು. ಹತ್ತಾಬನ ಮನೆ ಚಳಿಗಾಲ ಕಳೆಯುತ್ತಿದ್ದುದೇ ಅವುಗಳಿಂದ. ಖ್ಮೈಸ್ ತಾತ ಚಹಾದ ಲೋಟ ಕೆಳಗಿಟ್ಟ.

"ಮೂವತ್ತು ವರ್ಷದಿಂದ ಆ ಗೋಡೆ ಮೇಲೆ ಕಣ್ಣಿತ್ತು. ಕೂತಲ್ಲೇ ಸಿಗತ್ತೆ ಅಂತ ಗೊತ್ತಿರ್ಲಿಲ್ಲ," ಎಂದ. "ದೇವರು ನಿನಗೆ ಆಯಸ್ಸು ಕೊಡ್ಲಿ, ಹತ್ತಾಬ್."

"ಮೂಡಣ ಕೊನೆಯೋರು ಸಾಲಿಮ್ ಮಾವ," ಮಹ್ರಝಿಯಾ ಮುಂದುವರಿಸಿದಳು. "ಅವರ ಬುಟ್ಟಿ ಹೋಟೆಲಿನ ಜರ್ಮನ್ ಪ್ರವಾಸಿಗರು ಈಜೋ ಕಡೆ ಬರತ್ತೆ."

"ಬುಟ್ಟಿಗೆ ಜರ್ಮನ್ನರು ಬಿದ್ರೆ ಎಷ್ಟಕ್ಕೆ ಮಾರ್ಲಿ?" ಎಂದು ಸಾಲಿಮ್ ಕೇಳಿದ. ಅಂಗಡಿಯವನೂ ನಕ್ಕ.

ಹತ್ತಾಬನೊಬ್ಬ ನಗಲಿಲ್ಲ. ಖ್ಮೈಸ್ ತಾತ ಚಪ್ಪಲಿ ಮೆಟ್ಟಿಕೊಳ್ಳುತ್ತ, ಇವತ್ತೇ ಗೋಡೆಯ ಬಳಿ ಗೂಟ ಹೊಡೆದುಬಿಡುತ್ತೇನೆ ಎಂದಾಗ ಅವನಿಗೆ ದಿಢೀರನೆ ಕಣ್ಣು ಚುರುಕಾಯಿತು. ಹಳೆಯ ಮೂಲೆ ಎಲ್ಲೂ ಹೋಗಿಲ್ಲ, ಹಳೆಯ ಕಪ್ಪು ಕಲ್ಲಿಗೆ ಹೊಸ ಬಿಳಿ ಕಲ್ಲು ಕೂಡುವಲ್ಲಿ ಅದರ ಅಂಚು ಕಾಣುತ್ತದೆ, ದೋಣಿಯಿಂದಲೂ ಕಾಣುತ್ತದೆ ಎಂದ. ಎಲ್ಲರೂ ತಿರುಗಿ ನೋಡಿದರು. ನಿಜವಾಗಿಯೂ ಕಾಣುತ್ತಿತ್ತು. ಗೆರೆ ಅಲ್ಲಿಂದಲೇ ಎಂದು ತೀರ್ಮಾನವಾಯಿತು. ಖ್ಮೈಸ್ ತಾತ ಮಾತ್ರ ತುಸು ಬೇಸರದಿಂದ ಚಪ್ಪಲಿ ಬಿಟ್ಟು ಇನ್ನೊಂದು ಚಹಾ ಹೇಳಿದ.

"ಅಕ್ಕಾ, ಮನಸ್ಸಲ್ಲಿ ಇಟ್ಕೋಬೇಡ," ಎಂದ ಹತ್ತಾಬ್.

"ಮನಸ್ಸಲ್ಲಿ ಏನಿಲ್ಲ. ಕಾಲುವೇಲಿ ನಿನ್ನ ಗೂಟ ಇದೆ, ಹೋಗಿ ಕೀಳು. ಅಷ್ಟರಲ್ಲಿ ನಾನು ದೋಣಿಗೆ ಗರಿ ಹೇರ್ತೀನಿ."

ಅವನು ಪೈಜಾಮ ಮಡಚಿ ನೀರಿಗಿಳಿದ. ಸಂಜೆಯ ಇಳಿತಕ್ಕೆ ಮೊದಲು ಅವಳ ಬೇಲಿಯ ಮೊದಲ ಸಾಲು ಕಾಲುವೆಗೆ ಅಡ್ಡಲಾಗಿ ನಿಂತಿತ್ತು.