ಬೆನ್ನು ತಿರುಗಿಸಿ ಹೇಳಿದ ಮಾತು

ಅಮ್ಮನ ಬಲಗೈಯನ್ನು ಅಂಗಿಯ ತೋಳಿಗೆ ತೂರಿಸಲು ಮಗಳು ಮೂರನೇ ಸಲ ಹೆಣಗಿದಳು. ಸೆಟೆದ ಕೈ ಮಣಿಯಲಿಲ್ಲ. ಕಿಟಕಿಯ ಪರದೆ ಮಾತ್ರ ಉಸಿರಾಡುವಂತೆ ಉಬ್ಬಿ ಇಳಿಯುತ್ತಿತ್ತು.

"ಬದುಕಿದ್ದಾಗಲೂ ಹೀಗೇ, ಹಿಡಿದ ಹಟ ಬಿಟ್ಟವಳಲ್ಲ," ಚಿಕ್ಕಮ್ಮ ಮೂಗೊರೆಸಿಕೊಂಡರು. "ದರ್ಜಿಗೆ ಹೇಳಿ ಕಳಿಸಿದೀನಿ. ಹೊಲಿದವಳೇ ಬಿಚ್ಚಲಿ."

ಮಗಳು ಅಂಗಿಯನ್ನು ಕೆಳಗಿಟ್ಟಳು. ದರ್ಜಿಗೆ ಹೇಳಬೇಕಾದ ಮಾತೊಂದು ವಾರದಿಂದ ಅವಳ ಗಂಟಲಲ್ಲಿತ್ತು.

*

ಅಮ್ಮ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಮೂವತ್ತೆರಡು ವರ್ಷ ದುಡಿದವಳು. ಒಂದು ಮಧ್ಯಾಹ್ನ, ಮಿದುಳು ಜ್ವರದ ಗುಮಾನಿಯಿದ್ದ ನಾಲ್ಕು ವರ್ಷದ ಹುಡುಗಿಯ ಬೆನ್ನುಮೂಳೆಯಿಂದ ತೆಗೆದ ನೀರು ಪರೀಕ್ಷೆಗೆ ಬಂತು. ನೋಡಲು ತಿಳಿಯಾಗಿಯೇ ಇತ್ತು. ಕೀಟಾಣು ಇದೆಯೋ ಇಲ್ಲವೋ ಬೆಳೆಸಿಯೇ ನೋಡಬೇಕು. ಅದಕ್ಕೆ ನೀರು ಬೆಚ್ಚಗಿರಬೇಕು, ತಣ್ಣಗಾದರೆ ಕೀಟಾಣು ಸಾಯುತ್ತದೆ. ಇದು ಅಮ್ಮನಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ರಕ್ತದ ಸೀಸೆಗಳ ಜೊತೆ ಅದನ್ನೂ ಫ್ರಿಜ್ಜಿಗೆ ಸೇರಿಸಿದಳು, ಮನೆಯಲ್ಲಿ ಹಾಲು ಎತ್ತಿಡುವಷ್ಟು ಸಲೀಸಾಗಿ. ನೆನಪಾಗಿ ತೆಗೆಯುವಷ್ಟರಲ್ಲಿ ಬಹಳ ಹೊತ್ತಾಗಿತ್ತು. ಬಾಯಿ ಬಿಡಲಿಲ್ಲ.

ಏನೂ ಬೆಳೆಯಲಿಲ್ಲ. ವರದಿ ನಂಬಿ ವೈದ್ಯರು ಮದ್ದು ನಿಲ್ಲಿಸಿದರು. ಜ್ವರ ಮರಳಿತು. ಹುಡುಗಿ ಉಳಿದಳು, ಕಿವಿ ಉಳಿಯಲಿಲ್ಲ. ಆ ಹುಡುಗಿ ಬೆಳೆದು ದರ್ಜಿಯಾದ ಮೇಲೆ ಅಮ್ಮ ಬೇರೆಲ್ಲೂ ಬಟ್ಟೆ ಹೊಲಿಸಲಿಲ್ಲ.

"ನನ್ನ ಕೈಲಿ ಹೇಳಕ್ಕಾಗಲಿಲ್ಲ. ನೀನು ಹೇಳು," ಎಂದಿದ್ದಳು ಹೋದ ವಾರ, ನಿದ್ದೆಗಣ್ಣಲ್ಲಿ ಮಾತಾಡುವವಳಂತೆ.

*

ದರ್ಜಿ ಬಂದವಳೇ ಅಂಗಿಯ ಬೆನ್ನಿನ ಹೊಲಿಗೆ ಬಿಚ್ಚಿ, ಅಮ್ಮನಿಗೆ ತೊಡಿಸಿ, ಮತ್ತೆ ಹೊಲಿಯಲು ಸೂಜಿಗೆ ದಾರ ಪೋಣಿಸಿದಳು. ಚಿಕ್ಕಮ್ಮ ಹೊರಗೆ ಹೋದರು. ತುಟಿ ನೋಡಿ ಮಾತು ತಿಳಿಯುವವಳೆಂದು ಮಗಳು ಅವಳ ಎದುರಿಗೆ ಕೂತಳು.

"ನಿನಗೊಂದು ಮಾತು ಹೇಳಬೇಕಿತ್ತು. ಅಮ್ಮ, ನಿನ್ನ ಆ..."

"ಫ್ರಿಜ್ಜಲ್ಲಿಟ್ಟಿದ್ದು ತಾನೇ," ದರ್ಜಿ ಏರಿಳಿತವಿಲ್ಲದ ತನ್ನ ದನಿಯಲ್ಲಿ ಅಂದಳು. "ಗೊತ್ತಕ್ಕ."

"ಯಾರು ಹೇಳಿದ್ರು?"

"ಅವರೇ. ಅಳತೆ ಕೊಡೋಕೆ ಬಂದಾಗೆಲ್ಲ ನನಗೆ ಬೆನ್ನು ಮಾಡಿ ಹೇಳೋರು. ಹೇಗೂ ಕೇಳಿಸಲ್ಲ ಅಂತ ಧೈರ್ಯ. ಎದುರಿಗೆ ಆಳೆತ್ತರದ ಕನ್ನಡಿ ಇದ್ದಿದ್ದು ನೋಡ್ಕೊಳ್ಳಲಿಲ್ಲ."

"ಸಿಟ್ಟು ಬರಲಿಲ್ವಾ?"

"ಬಂತು. ಮೊದಲು ತಿಳಿದ ಸಲ ಕಂಕುಳು ಹಿಡಿಯೋ ಹಾಗೆ ಹೊಲಿದುಕೊಟ್ಟೆ. ಪಿಟ್ಟೆನ್ನದೆ ಎರಡು ವರ್ಷ ಹಾಕ್ಕೊಂಡ್ರು ಪುಣ್ಯಾತ್ಗಿತ್ತಿ. ಕೊನೆಗೆ ನನಗೇ ತಡೀಲಿಲ್ಲ, ಕರೆದು ಸಡಿಲ ಮಾಡಿಕೊಟ್ಟೆ."

"ಗೊತ್ತು ಅಂತ ಒಂದು ಮಾತು ಹೇಳಬಹುದಿತ್ತಲ್ಲೇ. ಕೊನೆವರೆಗೂ ಬೇಯ್ತಾ ಇದ್ಲು."

ದರ್ಜಿಯ ಸೂಜಿ ನಿಂತಿತು.

"ಹೇಳಿದ್ರೆ ಮತ್ತೆ ಬರ್ತಿರಲಿಲ್ಲ."

ಹೊರಗೆ ಅಮ್ಮನನ್ನು ಒಯ್ಯುವ ವಾಹನ ಬಂದು ನಿಂತಿತು. ಮಗಳು ಗೋಡೆಯತ್ತ ಮುಖ ತಿರುಗಿಸಿದಳು. ಈಗ ಅವಳ ತುಟಿ ಕಾಣುತ್ತಿರಲಿಲ್ಲ, ಹೆಗಲೂ ಅಲುಗುತ್ತಿರಲಿಲ್ಲ. ದರ್ಜಿ ಹಿಂದಿನಿಂದ ಕೈ ಚಾಚಿ ಅವಳ ಗಂಟಲಿನ ಮೇಲೆ ಅಂಗೈ ಇಟ್ಟಳು. ಅಳುವಿನ ಅದುರು ಬೆರಳುಗಳಿಗೆ ತಾಕುವವರೆಗೂ ಕೈ ತೆಗೆಯಲಿಲ್ಲ.