ಬ್ರೇಕ್ ದೀಪ

"ಒತ್ತಿ!" ಎಂದು ಹೆಂಡತಿ ವ್ಯಾನಿನ ಹಿಂದಿನಿಂದ ಕೂಗಿದಳು.

ಕೆಂಪು ದೀಪ ಹತ್ತಲಿಲ್ಲ. "ರೀ, ಒತ್ತಿ ಅಂದೆ!" ಎನ್ನುವಷ್ಟರಲ್ಲಿ ಹತ್ತಿತು.

"ಒತ್ತೇ ಇದೀನಿ. ನಿನ್ನ ಕಣ್ಣಿಗೆ ಪೊರೆ ಬಂದಿದೆ, ಮೊದ್ಲು ಅದನ್ನ ತಪಾಸಣೆಗೆ ಕಳಿಸ್ಬೇಕು," ಎಂದ ಗಂಡ, ಡ್ರೈವರ್ ಸೀಟಿನಿಂದಲೇ.

ಮರುದಿನ ಬೆಳಿಗ್ಗೆ ವ್ಯಾನಿನ ತಪಾಸಣೆ. ಒಂಬತ್ತು ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ಬಂಡಿ. ಪಾಸಾಗದಿದ್ದರೆ ರಸ್ತೆಗೆ ಇಳಿಯುವಂತಿಲ್ಲ. ಅದಕ್ಕೇ ಗಂಡ ಹೆಂಡತಿ ಇಬ್ಬರೂ ಮಧ್ಯಾಹ್ನದಿಂದ ಗ್ಯಾರೇಜಿನಲ್ಲಿ ಮೆಕ್ಯಾನಿಕ್ಕನ ಜೊತೆ ಒಂದೊಂದನ್ನೇ ನೋಡುತ್ತಿದ್ದರು. ಟೈರು ಸವೆದಿಲ್ಲ, ಹಾರನ್ ಸರಿ, ವೈಪರ್ ಹೊಸದು, ಬೆಂಕಿ ಆರಿಸುವ ಸಿಲಿಂಡರಿನ ಅವಧಿ ಮುಗಿದಿಲ್ಲ. ಈ ಒಂದು ದೀಪ ಮಾತ್ರ ಹಟ ಹಿಡಿದಿತ್ತು.

ಮೆಕ್ಯಾನಿಕ್ ಬಲ್ಬು ಬದಲಿಸಿದ. ಮತ್ತೆ ತಡ. ಪೆಡಲಿನ ಮೇಲಿನ ಸ್ವಿಚ್ಚು ಬದಲಿಸಿದ. ಆಗಲೂ ತಡ.

"ಭಾವ, ಸ್ವಲ್ಪ ಇಳೀರಿ," ಎಂದು ತಾನೇ ಕೂತ. "ಹೂಂ, ಹೇಳಿ ಅಕ್ಕಾ."

"ಒತ್ತು!"

ಮಾತು ಬಾಯಿಂದ ಬೀಳುವುದೇ ತಡ, ದೀಪ ಹತ್ತಿತು. ಐದಾರು ಸಲ ಕೂಗಿದಳು. ಅಷ್ಟೂ ಸಲ ಹಾಗೆಯೇ. ಗಂಡ ಮತ್ತೆ ಕೂತ. ಅವಳು ಕೂಗಿ, ಮನಸ್ಸಿನಲ್ಲೇ ಒಂದು, ಎರಡು ಎಂದು ಎಣಿಸಿದಳು. ಆಮೇಲೆ ದೀಪ.

ಮೆಕ್ಯಾನಿಕ್ ಸ್ಪ್ಯಾನರ್ ಒರೆಸಿ ಪೆಟ್ಟಿಗೆಗೆ ಹಾಕಿದ. ಹೆಂಡತಿ ಡ್ರೈವರ್ ಬಾಗಿಲು ತೆರೆದು ಕುಕ್ಕರುಗಾಲಲ್ಲಿ ಕೂತಳು. ಗಂಡನ ಬಲಗಾಲಿನ ಚಪ್ಪಲಿ ಬಿಚ್ಚಿ, ಹೆಬ್ಬೆರಳನ್ನು ಉಗುರೂರಿ ಚಿವುಟಿದಳು.

"ಗೊತ್ತಾಯ್ತಾ?"

"ಏನು?"

ಅವಳು ತಲೆ ಎತ್ತಲಿಲ್ಲ. "ಎಷ್ಟು ದಿನದಿಂದ?"

"ಒಂದು ತಿಂಗಳಾಗಿರ್ಬೇಕು. ಸಕ್ಕರೆ ಕಾಯಿಲೆಯವರಿಗೆ ಸ್ವಲ್ಪ ಜೋಮು ಹಿಡಿಯತ್ತೆ ಅಂದ್ಕೊಂಡೆ." ಸ್ಟೀರಿಂಗ್ ಹಿಡಿದ ಕೈ ಬಿಡದೆಯೇ ಹೇಳಿದ. "ಹೇಳಿದ್ರೆ ಬಂಡಿ ಬಿಡಿಸ್ತೀಯ ಅಂತ ಸುಮ್ಮನಿದ್ದೆ ಕಣೇ."

"ಬಿಡಿಸ್ತೀನಿ," ಎಂದಳು. ಬಯ್ಯಲಿಲ್ಲ. ಆ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ, "ಸದ್ಯ, ನಿಂತ ಬಂಡೀಲಿ ಗೊತ್ತಾಯ್ತಲ್ಲ. ಒಂಬತ್ತು ತಾಯಂದಿರ ಪುಣ್ಯ," ಎಂದಳು.

ಸಂಜೆ ಗಂಡನೇ ಒಂಬತ್ತು ಮನೆಗೂ ಫೋನು ಮಾಡಿದ. ತನ್ನ ಕಾಲು ಮೊದಲಿನಂತಿಲ್ಲ, ಇನ್ನು ಮೆಕ್ಯಾನಿಕ್ಕನ ತಂಗಿ ಬಂಡಿ ಓಡಿಸುತ್ತಾಳೆ, ಹಿಂದೆ ಶಾಲೆ ಬಸ್ಸು ಓಡಿಸಿದವಳು ಎಂದು ಹೇಳಿದ. "ನೀವಾಗೇ ಹೇಳಿದ್ರಲ್ಲ ಅಣ್ಣಾ, ನಿಮ್ಮ ಹೊಟ್ಟೆ ತಣ್ಣಗಿರ್ಲಿ," ಎಂದಳು ಕಡೆಯ ಮನೆಯ ತಾಯಿ. ಗಂಡ ಫೋನನ್ನು ಎದೆಗೆ ಒತ್ತಿಕೊಂಡು ಕೂತ.

ಬೆಳಿಗ್ಗೆ ಬಂಡಿ ಓಡಿಸಿದ್ದು ಮೆಕ್ಯಾನಿಕ್. ತಪಾಸಣೆಯ ಅಧಿಕಾರಿ ಬ್ರೇಕು ನೋಡಿದರು, ಹೊಗೆ ಅಳೆದರು, ಪ್ರತಿ ಸೀಟಿನ ಬೆಲ್ಟನ್ನೂ ಎಳೆದು ನೋಡಿದರು. "ಪರವಾಗಿಲ್ಲ, ಮಗು ಸಾಕಿದ ಹಾಗೆ ಸಾಕಿದೀರಿ. ಯಾರದು ಬಂಡಿ?"

"ಇವರದು ಸಾರ್," ಎಂದು ಮೆಕ್ಯಾನಿಕ್ ಪಕ್ಕಕ್ಕೆ ಸರಿದ. ಗಂಡ ಪಾಸಾದ ಕಾಗದವನ್ನು ಎರಡೂ ಕೈಯಲ್ಲಿ ತೆಗೆದುಕೊಂಡ.

ಹೊರಡುವಾಗ ಅವನು ಡ್ರೈವರ್ ಬಾಗಿಲ ತನಕ ಹೋಗಿ, ನಿಂತು, ಸುತ್ತಿಕೊಂಡು ಬಂದು ಮಕ್ಕಳ ಸೀಟಿನಲ್ಲಿ ಕೂತ. ಮೊಣಕಾಲು ಗಲ್ಲಕ್ಕೆ ಬಂದವು. ಹೆಂಡತಿ ಪಕ್ಕದಲ್ಲಿ ಕೂತು, ಮಕ್ಕಳ ಅಳತೆಯ ಗಿಡ್ಡ ಬೆಲ್ಟನ್ನು ಅವನ ಹೊಟ್ಟೆಯ ಮೇಲೆ ಎಳೆಯತೊಡಗಿದಳು.

"ಉಸಿರು ಒಳಗೆ ಎಳ್ಕೊಳ್ರೀ."

ಎಳೆದುಕೊಂಡ. ಬೆಲ್ಟು ಟಕ್ಕೆಂದಿತು. ಮೆಕ್ಯಾನಿಕ್ ಬಂಡಿ ಹೊರಡಿಸಿದ.